ವಿಂಟರ್‌ಹಾಲ್ಟರನ ರಾಜಭಾವಚಿತ್ರಗಳು

ರಾಜಮನೆತನದ ಭಾವಚಿತ್ರದಲ್ಲಿ ರೂಪಸಾದೃಶ್ಯದೊಡನೆ ಮತ್ತೊಂದು ಉದ್ದೇಶವೂ ಅಡಗಿರುತ್ತದೆ. ವ್ಯಕ್ತಿಯು ಲೋಕಕ್ಕೆ ಹೇಗೆ ಕಾಣಬೇಕೆಂದು ಆಸ್ಥಾನವು ಬಯಸಿತೋ ಅದನ್ನು ಚಿತ್ರವು ಸಾರುತ್ತದೆ. ಈ ದೃಷ್ಟಿಯಿಂದ ಹತ್ತೊಂಬತ್ತನೆಯ ಶತಮಾನದ ಜರ್ಮನ್ ಚಿತ್ರಕಾರ ಫ್ರಾಂಟ್ಸ್ ಕ್ಸಾವರ್ ವಿಂಟರ್‌ಹಾಲ್ಟರನ ಕೃತಿಗಳು ಪರಿಶೀಲನಾರ್ಹವಾಗಿವೆ. ಅವುಗಳಲ್ಲೊಂದು ಕೊಡಗಿನ ರಾಜಕುಮಾರಿಯದಾಗಿರುವುದರಿಂದ ಕನ್ನಡಿಗರಿಗೆ ಈ ವಿಷಯವು ತೀರ ಹೊರಗಿನದಲ್ಲ.

ವಿಂಟರ್‌ಹಾಲ್ಟರನು ೧೮೦೫ರಲ್ಲಿ ಬ್ಲ್ಯಾಕ್ ಫಾರೆಸ್ಟ್ ಪ್ರಾಂತದ ಒಂದು ಗ್ರಾಮದಲ್ಲಿ ಜನಿಸಿದನು. ಮ್ಯೂನಿಕ್ ನಗರದಲ್ಲಿ ಚಿತ್ರಕಲೆಯನ್ನು ಅಭ್ಯಸಿಸಿ, ಬಾಡೆನ್ ಸಂಸ್ಥಾನದ ಆಸ್ಥಾನ ಚಿತ್ರಕಾರನಾಗಿ, ೧೮೩೪ರಲ್ಲಿ ಪ್ಯಾರಿಸಿಗೆ ತೆರಳಿದನು. ಫ್ರಾನ್ಸಿನ ದೊರೆ ಲೂಯಿ ಫಿಲಿಪ್ಪನ ಪರಿವಾರವನ್ನು ಚಿತ್ರಿಸಿ ಪ್ರಸಿದ್ಧನಾದ ಮೇಲೆ, ೧೮೪೨ರಿಂದ ವಿಕ್ಟೋರಿಯಾ ರಾಣಿಯ ಆಶ್ರಯವೂ ಅವನಿಗೆ ಲಭಿಸಿತು. ರಾಣಿಗೂ ಆಕೆಯ ಪತಿ ಆಲ್ಬರ್ಟನಿಗೂ ಅವನು ರಚಿಸಿಕೊಟ್ಟ ಕೃತಿಗಳು ನೂರಕ್ಕೂ ಮಿಕ್ಕಿವೆ. ಸಖಿಯರ ನಡುವೆ ಕುಳಿತಿರುವ ಫ್ರಾನ್ಸಿನ ಸಾಮ್ರಾಜ್ಞಿ ಯೂಜೆನಿ (೧೮೫೫), ಮುಡಿಯಲ್ಲಿ ವಜ್ರದ ನಕ್ಷತ್ರಗಳನ್ನು ಧರಿಸಿರುವ ಆಸ್ಟ್ರಿಯದ ಸಾಮ್ರಾಜ್ಞಿ ಎಲಿಜಬೆತ್ (೧೮೬೫) ಇವರ ಚಿತ್ರಗಳು ಸುಪ್ರಸಿದ್ಧವಾಗಿವೆ.

ರೇಷ್ಮೆಯ ಹೊಳಪು, ಕಸೂತಿಯ ನವುರು, ರತ್ನಗಳ ಕಾಂತಿ ಇವುಗಳನ್ನು ಮೂಡಿಸುವುದರಲ್ಲಿ ಅವನು ಸಿದ್ಧಹಸ್ತನು. ಈ ಚಿತ್ರಗಳಲ್ಲಿ ಆಳವಿಲ್ಲವೆಂದು ಆಕ್ಷೇಪಿಸಿದ ವಿಮರ್ಶಕರೂ ಉಂಟು. ಆದರೆ ಆಸ್ಥಾನಗಳಿಗೆ ಬೇಕಾಗಿದ್ದುದು ಆ ನಿಶ್ಚಲವಾದ ವೈಭವವೇ. ಲೂಯಿ ಫಿಲಿಪ್ಪನು ೧೮೪೮ರಲ್ಲಿ ಸಿಂಹಾಸನವನ್ನು ಕಳೆದುಕೊಂಡನು; ಯೂಜೆನಿಯ ಪತಿ ಮೂರನೆಯ ನೆಪೋಲಿಯನ್ನನು ೧೮೭೦ರಲ್ಲಿ ಪದಚ್ಯುತನಾದನು. ಚಿತ್ರಗಳಲ್ಲಿ ಮಾತ್ರ ಅಂತಹ ಅಸ್ಥಿರತೆಯ ಸುಳಿವೂ ಇಲ್ಲ.

ಭಾರತೀಯರಿಬ್ಬರ ಚಿತ್ರಗಳಲ್ಲಿ ಈ ಮಾತು ಮತ್ತಷ್ಟು ಸ್ಪಷ್ಟವಾಗುತ್ತದೆ. ಏಕೆಂದರೆ ಚಿತ್ರ ಬರೆಯುವ ಮೊದಲೇ ಅವರ ರಾಜ್ಯಗಳು ಇಲ್ಲವಾಗಿದ್ದುವು. ೧೮೫೪ರಲ್ಲಿ ಚಿತ್ರಿತನಾದ ಪಂಜಾಬಿನ ದುಲೀಪ್ ಸಿಂಗನು ಆಗ ಹದಿನೈದರ ಹರೆಯದವನು. ಅವನ ರಾಜ್ಯವು ೧೮೪೯ರಲ್ಲಿ ಕಂಪೆನಿ ಸರಕಾರದ ವಶವಾಗಿದ್ದಿತು. ಚಿತ್ರದಲ್ಲಾದರೋ ಅವನು ಸರ್ವಾಲಂಕಾರಭೂಷಿತನಾಗಿ ಮಹಾರಾಜನಂತೆಯೇ ನಿಂತಿದ್ದಾನೆ. ಆದರೆ ಕೊರಳಿನಲ್ಲಿ ಧರಿಸಿರುವುದು ವಿಕ್ಟೋರಿಯಾ ರಾಣಿಯ ಕಿರುಚಿತ್ರವುಳ್ಳ ಪದಕವನ್ನು.

ಅದಕ್ಕೂ ಎರಡು ವರ್ಷ ಹಿಂದಿನದು ಗೌರಮ್ಮನ ಚಿತ್ರ. ಮಾಸ್ತಿಯವರ ಕಾದಂಬರಿಯಿಂದ ಕನ್ನಡಿಗರಿಗೆ ಸುಪರಿಚಿತನಾದ ಕೊಡಗಿನ ಚಿಕ್ಕವೀರರಾಜೇಂದ್ರನ ಮಗಳು ಈಕೆ. ೧೮೩೪ರಲ್ಲಿ ಪದಚ್ಯುತನಾದ ತಂದೆಯು ಕಾಶಿಯಲ್ಲಿದ್ದಾಗ, ೧೮೪೧ರಲ್ಲಿ, ಈಕೆ ಜನಿಸಿದಳು. ೧೮೫೨ರಲ್ಲಿ ತಂದೆಯೊಡನೆ ಇಂಗ್ಲೆಂಡಿಗೆ ಹೋಗಿ, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು, ಕ್ರೈಸ್ತಮತಕ್ಕೆ ಸೇರಿಸಲ್ಪಟ್ಟಳು. ರಾಣಿಯ ಹೆಸರೂ ಈಕೆಗೆ ಸೇರಿತು. ಅದೇ ವರ್ಷ ರಾಣಿಯ ಅಪೇಕ್ಷೆಯಂತೆ ವಿಂಟರ್‌ಹಾಲ್ಟರನು ಈಕೆಯ ಚಿತ್ರವನ್ನು ಬರೆದನು. ಉಡುಗೆತೊಡುಗೆಗಳೆಲ್ಲ ಭಾರತೀಯ, ಕೈಯಲ್ಲಿ ಮಾತ್ರ ಬೈಬಲ್. ತನ್ನ ನಾಡನ್ನು ಕಣ್ಣಾರೆ ಕಾಣದ ಬಾಲಿಕೆಯು ಆ ನಾಡಿನ ರಾಜಕುಮಾರಿಯೆಂದು ಇಲ್ಲಿ ಚಿತ್ರಿತಳಾಗಿದ್ದಾಳೆ. ೧೮೬೪ರಲ್ಲಿ, ಇಪ್ಪತ್ತುಮೂರು ವರ್ಷವೂ ತುಂಬದ ವಯಸ್ಸಿನಲ್ಲಿ, ಆಕೆ ಇಂಗ್ಲೆಂಡಿನಲ್ಲಿಯೇ ತೀರಿಕೊಂಡಳು.

ಕಿರುಚಿತ್ರದ ಪದಕ ಮತ್ತು ಬೈಬಲ್ ಇವೆರಡನ್ನೂ ಚಿತ್ರಗಳ ಬರಿಯ ಅಲಂಕಾರಗಳೆಂದು ಭಾವಿಸಲಾಗದು. ರಾಜ್ಯವನ್ನು ಕಳೆದುಕೊಂಡವರಿಗೆ ರಾಜವೇಷವನ್ನು ಉಳಿಸಿಕೊಟ್ಟು, ಆ ಔದಾರ್ಯವು ಯಾರದೆಂಬುದನ್ನು ಅವು ಸೂಚಿಸುತ್ತವೆ. ಆದಕಾರಣ ಇತಿಹಾಸಾಭ್ಯಾಸಿಗಳು ಈ ಚಿತ್ರಗಳಲ್ಲಿ ಮುಖಗಳೊಡನೆ ಕೈಗಳನ್ನೂ ಕೊರಳುಗಳನ್ನೂ ಗಮನಿಸಬೇಕು.