ಟ್ಯಾಪೆಟ್ ಸದ್ದು ಅಡಗಿತೆಂದು ಲಾರಿ ಮಾಲೀಕರು ನಿಶ್ಚಿಂತರಾಗಬಹುದೇ?

ಬೆಂಗಳೂರು: ದೊಮ್ಮಲೂರಿನಿಂದ ಕೋರಮಂಗಲದತ್ತ ಸಾಗುವ ಒಳವರ್ತುಲ ರಸ್ತೆ ಹಾದುಹೋಗುವುದು ಸೇನೆಯ ಭೂಮಿಯ ನಡುವೆ. ಭೂಸೇನೆಯ ಸರಬರಾಜು ಹಾಗೂ ಸಾಗಣೆಯ ಹೊಣೆ ಹೊತ್ತಿರುವ ಆರ್ಮಿ ಸರ್ವೀಸ್ ಕೋರ್‌ನ ತರಬೇತಿ ಕೇಂದ್ರವಿರುವುದೂ ಈ ಭಾಗದಲ್ಲಿಯೇ. ಹೀಗಾಗಿ ಜಬಲ್ಪುರದ ಕಾರ್ಖಾನೆಯಲ್ಲಿ ಜರ್ಮನಿಯ ಮ್ಯಾನ್ ಸಂಸ್ಥೆಯ ಪರವಾನಗಿಯಡಿ ತಯಾರಾಗುತ್ತಿದ್ದ ಶಕ್ತಿಮಾನ್ ಲಾರಿಗಳು ಇಲ್ಲಿನ ಹಳಬರಿಗೆ ಅಪರಿಚಿತವೇನಲ್ಲ. ಆ ಪೀಳಿಗೆಯ ಎಂಜಿನ್‌ಗಳೆಲ್ಲ ಬೇಡುವ ಒಂದು ಸಣ್ಣ ಆರೈಕೆಯೆಂದರೆ ಕವಾಟಗಳ ಹೊಂದಾಣಿಕೆ. ಗ್ಯಾರೇಜಿನ ಭಾಷೆಯಲ್ಲಿ ಟ್ಯಾಪೆಟ್ ಸೆಟ್ಟಿಂಗ್.

ರಾಜ್ಯದ ಹೆದ್ದಾರಿಗಳಲ್ಲಿ ದಶಕಗಳ ಕಾಲ ದುಡಿದ ಟಾಟಾ ಲಾರಿಗಳ 697 ಎಂಜಿನ್ನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹೆಸರಿನಲ್ಲಿಯೇ ಅದರ ಗುಟ್ಟಿದೆ: ಆರು ಸಿಲಿಂಡರ್, ಪ್ರತಿಯೊಂದರ ವ್ಯಾಸ 97 ಮಿ.ಮೀ. ಡೈಮ್ಲರ್-ಬೆಂಜ್ ಜೊತೆ ಟಾಟಾ ಸಂಸ್ಥೆ 1954ರಲ್ಲಿ ಆರಂಭಿಸಿದ ಸಹಯೋಗ 1969ರಲ್ಲಿ ಮುಗಿಯಿತಾದರೂ ಮರ್ಸಿಡಿಸ್‌ನ ಓಎಂ 352 ವಿನ್ಯಾಸ ಈ ಎಂಜಿನ್‌ನಲ್ಲಿ ಉಳಿದುಕೊಂಡಿತು. ಸಿಲಿಂಡರಿಗೆ ಎರಡರಂತೆ ಹನ್ನೆರಡು ಕವಾಟಗಳು. ಕ್ಯಾಮ್‌ಶಾಫ್ಟ್‌ನ ಉಬ್ಬು ಪುಶ್‌ರಾಡನ್ನು ಮೇಲೆತ್ತಿದಾಗ ರಾಕರ್ ಕವಾಟದ ಕಡ್ಡಿಯನ್ನು ಕೆಳಗೊತ್ತುತ್ತದೆ.

ಎಂಜಿನ್ ಕಾದಾಗ ಕವಾಟದ ಕಡ್ಡಿ ಹಿಗ್ಗುತ್ತದೆ. ಅದಕ್ಕೆಂದೇ ರಾಕರ್ ಹಾಗೂ ಕಡ್ಡಿಯ ನಡುವೆ ಕೂದಲೆಳೆಯಷ್ಟು ತೆರಪು ಬಿಡಲಾಗುತ್ತದೆ. ಓಎಂ 352ರಲ್ಲಿ ತಣ್ಣಗಿರುವಾಗ ಗಾಳಿ ಒಳಬರುವ ಕವಾಟಕ್ಕೆ 0.20 ಮಿ.ಮೀ., ಹೊಗೆ ಹೊರಹೋಗುವ ಕವಾಟಕ್ಕೆ 0.30 ಮಿ.ಮೀ. ಹೊಗೆಯ ಕವಾಟ ಹೆಚ್ಚು ಕಾಯುವುದರಿಂದ ಅದಕ್ಕೆ ಹೆಚ್ಚು ತೆರಪು.

ತೆರಪು ಹೆಚ್ಚಾದರೆ 'ಟಕ್ ಟಕ್' ಸದ್ದು ಕೇಳುತ್ತದೆ, ಚಾಲಕ ಗ್ಯಾರೇಜಿಗೆ ಓಡುತ್ತಾನೆ. ನಿಜವಾದ ಅಪಾಯವಿರುವುದು ತೆರಪು ಕಡಿಮೆಯಾದಾಗ. ಆಗ ಸದ್ದೇ ಇರುವುದಿಲ್ಲ. ಲಕ್ಷಾಂತರ ಕಿಲೋಮೀಟರ್ ಓಡಿದ ಎಂಜಿನ್‌ನಲ್ಲಿ ಕವಾಟ ತನ್ನ ಪೀಠವನ್ನು ಸವೆಸಿಕೊಂಡು ಒಳಗೆ ಇಳಿಯುತ್ತದೆ, ಕಡ್ಡಿಯ ತುದಿ ರಾಕರ್‌ನ ಸಮೀಪಕ್ಕೆ ಬರುತ್ತದೆ. ಕೊನೆಗೊಂದು ದಿನ ಕವಾಟ ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ. ಕವಾಟ ತನ್ನ ಬಿಸಿಯ ಬಹುಪಾಲನ್ನು ಬಿಟ್ಟುಕೊಡುವುದು ಪೀಠವನ್ನು ಒತ್ತಿ ಕೂತ ಕ್ಷಣಗಳಲ್ಲಿ. ಆ ಅವಕಾಶ ತಪ್ಪಿದರೆ ಅಂಚು ಸುಟ್ಟುಹೋಗುತ್ತದೆ. ಕಂಪ್ರೆಶನ್ ಇಳಿದು, ಬೆಳಗಿನ ಸ್ಟಾರ್ಟ್ ಕಷ್ಟವಾಗಿ, ಹೊಗೆ ಹೆಚ್ಚುತ್ತದೆ. ಬಳಿಕ ಹೆಡ್ ಇಳಿಸದೆ ವಿಧಿಯಿಲ್ಲ. ಒಂದೇ ಲಾರಿಯನ್ನು ನಂಬಿದ ಮಾಲೀಕನಿಗೆ ಅಷ್ಟೂ ದಿನದ ಬಾಡಿಗೆ ಖೋತಾ.

ಕೆಲಸದ ಕ್ರಮ ಸರಳ, ಆದರೆ ತಾಳ್ಮೆ ಬೇಕು. ಎಂಜಿನ್ ತಣ್ಣಗಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಟ್ಯಾಪೆಟ್ ಕವರ್ ತೆಗೆದು, ಎಂಜಿನ್ನನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಬೇಕು. ಆರನೇ ಸಿಲಿಂಡರಿನ ಒಂದು ಕವಾಟ ಮುಚ್ಚುತ್ತ ಇನ್ನೊಂದು ತೆರೆಯಲಾರಂಭಿಸಿದಾಗ ಒಂದನೇ ಸಿಲಿಂಡರಿನ ಪಿಸ್ಟನ್ ಸ್ಫೋಟದ ಹೊತ್ತಿಗೆ ಮೇಲಿರುತ್ತದೆ, ಅದರ ಎರಡೂ ಕವಾಟ ಸಡಿಲವಾಗಿರುತ್ತವೆ. ಫೈರಿಂಗ್ ಆರ್ಡರ್ 1-5-3-6-2-4. ಪ್ರತಿ ಸಲ 120 ಡಿಗ್ರಿ ತಿರುಗಿಸಿದರೆ ಮುಂದಿನ ಸಿಲಿಂಡರಿನ ಸರದಿ. ಐದಕ್ಕೆ ಎರಡನ್ನು, ಮೂರಕ್ಕೆ ನಾಲ್ಕನ್ನು ಗಮನಿಸಬೇಕು. ಎರಡು ಸುತ್ತಿನಲ್ಲಿ ಹನ್ನೆರಡೂ ಮುಗಿಯುತ್ತವೆ. ಫೀಲರ್ ಗೇಜ್‌ನ ತಗಡು ತುಸು ಹಿಡಿದಂತೆ ಜಾರಬೇಕು. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಕದಲುವುದುಂಟು, ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ಅಳೆಯದಿದ್ದರೆ ಮಾಡಿದ ಕೆಲಸ ವ್ಯರ್ಥ.

15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ರದ್ದುಗೊಳಿಸಲಾಗಿದ್ದು, ರಕ್ಷಣಾ ಕಾರ್ಯದ ವಿಶೇಷ ವಾಹನಗಳಿಗೆ ವಿನಾಯಿತಿಯಿದೆ. ಹಳೆಯ ಖಾಸಗಿ ಲಾರಿಗಳು ಓಡಬಹುದು, ಆದರೆ ಅರ್ಹತಾ ಪತ್ರದ ಶುಲ್ಕ 2022ರಿಂದ ಭಾರಿಯಾಗಿ ಏರಿದೆ. ಹೊಗೆಯಿಂದಾಗಿ ಪರೀಕ್ಷೆಯಲ್ಲಿ ಸೋಲುವುದು ಈಗ ದುಬಾರಿ.

ಹಳೆಯ ಎಂಜಿನ್‌ನಲ್ಲಿ ಇನ್ನೊಂದು ತೊಡಕಿದೆ. ರಾಕರ್‌ನ ಮೂತಿಯಲ್ಲಿ ಸವೆದು ಗುಳಿ ಬಿದ್ದಿದ್ದರೆ ಚಪ್ಪಟೆ ತಗಡು ಗುಳಿಯ ಅಂಚುಗಳ ಮೇಲೆ ಸೇತುವೆಯಂತೆ ಕೂತು ಸರಿಯಾದ ಅಳತೆಯನ್ನೇ ತೋರಿಸುತ್ತದೆ. ನಿಜವಾದ ತೆರಪು ಅದಕ್ಕಿಂತ ಹೆಚ್ಚಿರುತ್ತದೆ. ಎಷ್ಟು ಸಲ ಹೊಂದಿಸಿದರೂ ಸದ್ದು ನಿಲ್ಲದಿದ್ದಲ್ಲಿ ಸ್ಕ್ರೂ ಬಿಟ್ಟು ರಾಕರ್ ಕಳಚಿ ನೋಡುವುದೇ ಸರಿ.