ನೆಲದ ಮೇಲಿನ ಕಣ್ಕಟ್ಟು

ಚಪ್ಪಟೆ ನೆಲದ ಮೇಲೋ ಗೋಡೆಯ ಮೇಲೋ ಬರೆದ ಚಿತ್ರವೊಂದು, ಗೊತ್ತುಮಾಡಿದ ಒಂದು ಜಾಗದಲ್ಲಿ ನಿಂತು ನೋಡಿದಾಗ ಮಾತ್ರ ಬಾಯ್ದೆರೆದ ಕಂದಕವಾಗಿ, ಧುಮ್ಮಿಕ್ಕುವ ಜಲಪಾತವಾಗಿ, ಎದ್ದು ನಿಂತ ಗೊಂಬೆಯಾಗಿ ಕಾಣುತ್ತದೆ. ಈ ಬಗೆಯ ಕಲೆಗೆ ಅನಾಮಾರ್ಫಿಕ್ ಬೀದಿಚಿತ್ರ ಎಂದು ಹೆಸರು. ಜನರ ಬಾಯಲ್ಲಿ ಅದು ತ್ರೀಡಿ ಪೇಂಟಿಂಗ್. ಗ್ರೀಕ್ ಭಾಷೆಯಲ್ಲಿ ‘ಅನಾ’ ಎಂದರೆ ಮರಳಿ, ‘ಮಾರ್ಫೆ’ ಎಂದರೆ ಆಕಾರ. ಬೇಕೆಂದೇ ಕೆಡಿಸಿ ಬರೆದ ಆಕಾರ ಸರಿಯಾದ ಜಾಗದಿಂದ ನೋಡಿದಾಗ ಮರಳಿ ಕೂಡಿಕೊಳ್ಳುತ್ತದೆ ಎಂಬುದು ಈ ಹೆಸರಿನ ಹಿಂದಿರುವ ಅರ್ಥ.

ಅಂಗಳದ ರಂಗೋಲಿಗೂ ಈ ಚಿತ್ರಕ್ಕೂ ನೆಲವೇ ಹಾಳೆ. ಎರಡರ ಆಯುಸ್ಸೂ ಕಡಿಮೆ. ಆದರೆ ರಂಗೋಲಿಯ ಸುತ್ತ ಯಾವ ದಿಕ್ಕಿನಲ್ಲಿ ನಿಂತರೂ ಅದರ ಅಂದ ಕೆಡುವುದಿಲ್ಲ. ಅನಾಮಾರ್ಫಿಕ್ ಚಿತ್ರಕ್ಕೆ ಇರುವುದು ಒಂದೇ ದಿಕ್ಕು, ಒಂದೇ ಬಿಂದು. ನೋಡುವವರು ನಿಲ್ಲುವ ಜಾಗವೂ ಚಿತ್ರದ ಒಂದು ಭಾಗವೇ. ಅಲ್ಲಿ ಯಾರಾದರೂ ಬಂದು ನಿಲ್ಲುವವರೆಗೆ ಚಿತ್ರ ಅಪೂರ್ಣ.

ಚರ್ಚಿನ ಚಾವಣಿಯಲ್ಲಿ ಹುಟ್ಟಿದ ವಿದ್ಯೆ

ಈ ವಿದ್ಯೆಯ ಬೇರು ಇರುವುದು ಇಟಲಿಯ ಪುನರುಜ್ಜೀವನ ಕಾಲದಲ್ಲಿ. ದೂರದ ವಸ್ತು ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣುವುದನ್ನು ರೇಖಾಗಣಿತದ ನಿಯಮಕ್ಕೆ ಒಳಪಡಿಸಿದ ಪರ್ಸ್ಪೆಕ್ಟಿವ್ ಪದ್ಧತಿಯನ್ನು ಲಿಯೊನ್ ಬಟಿಸ್ಟಾ ಆಲ್ಬರ್ಟಿ 1435ರಲ್ಲಿ ಚಿತ್ರಕಲೆಯ ಕುರಿತ ತನ್ನ ಗ್ರಂಥದಲ್ಲಿ ವಿವರಿಸಿದ. ನಿಯಮ ಕೈಗೆ ಸಿಕ್ಕಿದ ಮೇಲೆ ಅದನ್ನು ಹಿಗ್ಗಿಸಿ ನೋಡುವ ಆಸೆಯೂ ಕಲಾವಿದರಲ್ಲಿ ಹುಟ್ಟಿತು. ಲಿಯೊನಾರ್ಡೊ ಡ ವಿಂಚಿ ಸುಮಾರು 1485ರಲ್ಲಿ ಬರೆದ ಕಣ್ಣಿನ ರೇಖಾಚಿತ್ರವನ್ನು ಎದುರಿನಿಂದ ನೋಡಿದರೆ ಅದು ಎಳೆದು ಉದ್ದ ಮಾಡಿದ ಗೀಟುಗಳ ಗುಂಪು. ಹಾಳೆಯ ಅಂಚಿನಿಂದ ಓರೆಯಾಗಿ ನೋಡಿದರೆ ಸರಿಯಾದ ಕಣ್ಣು. ಉಳಿದು ಬಂದಿರುವ ಅನಾಮಾರ್ಫಿಕ್ ಚಿತ್ರಗಳಲ್ಲಿ ಇದನ್ನೇ ಅತ್ಯಂತ ಹಳೆಯದೆಂದು ಎಣಿಸಲಾಗುತ್ತದೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಹಾನ್ಸ್ ಹೋಲ್ಬೈನ್ 1533ರಲ್ಲಿ ಬರೆದ ‘ರಾಯಭಾರಿಗಳು’ ಚಿತ್ರದಲ್ಲಿ ಇಬ್ಬರು ಸಿರಿವಂತರ ಕಾಲ ಬಳಿ ಬೂದುಬಣ್ಣದ ಉದ್ದನೆಯ ಕಲೆಯೊಂದಿದೆ. ಬಲಬದಿಗೆ ಸರಿದು ಓರೆಯಾಗಿ ನೋಡಿದವರಿಗೆ ಆ ಕಲೆ ತಲೆಬುರುಡೆಯಾಗುತ್ತದೆ. ಐಶ್ವರ್ಯದ ನಡುವೆ ಸಾವನ್ನು ನೆನಪಿಸಲು ಹೋಲ್ಬೈನ್ ಈ ತಂತ್ರವನ್ನು ಬಳಸಿದ್ದ.

ರೋಮಿನ ಸಂತ ಇಗ್ನೇಷಿಯಸ್ ಚರ್ಚಿನಲ್ಲಿ ಆಂಡ್ರಿಯಾ ಪೊಜ್ಜೊ ಇದೇ ವಿದ್ಯೆಯನ್ನು ಕಟ್ಟಡದ ಅಳತೆಗೆ ಬೆಳೆಸಿದ. ಆ ಚರ್ಚಿಗೆ ಗುಮ್ಮಟ ಕಟ್ಟಲು ಆಗಿರಲಿಲ್ಲ. ಪೊಜ್ಜೊ 1685ರಲ್ಲಿ ಚಪ್ಪಟೆಯಾದ ಕ್ಯಾನ್ವಾಸಿನ ಮೇಲೆ ಗುಮ್ಮಟದ ಒಳಮೈಯನ್ನು ಬರೆದು ಮೇಲೆ ಕೂರಿಸಿದ. ಎಲ್ಲಿ ನಿಂತರೆ ಭ್ರಮೆ ಪೂರ್ಣವಾಗುತ್ತದೆಂದು ತಿಳಿಸಲು ಚರ್ಚಿನ ನೆಲದಲ್ಲಿ ಅಮೃತಶಿಲೆಯ ಗುರುತುಗಳಿವೆ. ಇಂದು ಬೀದಿಚಿತ್ರದ ಮುಂದೆ ಬಣ್ಣದಲ್ಲಿ ಬರೆಯುವ ಹೆಜ್ಜೆಗುರುತು ಆ ಅಮೃತಶಿಲೆಯ ಗುರುತಿನ ವಂಶದ್ದೇ.

ಸೀಮೆಸುಣ್ಣದ ಮಡೋನ್ನಾರಿಗಳು

ಬೀದಿಯ ನೆಲಕ್ಕೆ ಈ ಕಲೆ ಇಳಿದದ್ದು ಇನ್ನೊಂದು ದಾರಿಯಿಂದ. ಇಟಲಿಯಲ್ಲಿ ಜಾತ್ರೆಯಿಂದ ಜಾತ್ರೆಗೆ ಅಲೆಯುತ್ತ, ಚರ್ಚಿನ ಮುಂದಿನ ಕಲ್ಲುಹಾಸಿನ ಮೇಲೆ ಸೀಮೆಸುಣ್ಣ, ಇದ್ದಿಲುಗಳಿಂದ ಮೇರಿಮಾತೆಯ ಚಿತ್ರ ಬರೆದು ಭಕ್ತರು ಎಸೆಯುವ ಕಾಸಿನಲ್ಲಿ ಬದುಕುವ ಚಿತ್ರಕಾರರಿದ್ದರು. ಮೇರಿಯನ್ನು ‘ಮಡೋನ್ನಾ’ ಎಂದು ಕರೆಯುವುದರಿಂದ ಇವರಿಗೆ ಮಡೋನ್ನಾರಿ ಎಂಬ ಹೆಸರು ಬಂತು. ಕ್ಷೀಣಿಸುತ್ತಿದ್ದ ಈ ಪರಂಪರೆಯನ್ನು ಉಳಿಸಲು ಮಾಂಟುವಾ ನಗರದ ಬಳಿಯ ಗ್ರಾಟ್ಸಿಯೆ ಎಂಬ ಊರಿನಲ್ಲಿ 1973ರಲ್ಲಿ ಮಡೋನ್ನಾರಿಗಳ ಕೂಟ ಆರಂಭವಾಯಿತು. ಆಗಸ್ಟ್ 15ರ ಮೇರಿಹಬ್ಬದ ಹೊತ್ತಿಗೆ ಅಲ್ಲಿನ ಚರ್ಚಿನ ಎದುರಿನ ಬಯಲು ಬಣ್ಣದಿಂದ ತುಂಬುತ್ತದೆ.

ಈ ಎರಡು ಧಾರೆಗಳನ್ನು ಕೂಡಿಸಿದವನು ಅಮೆರಿಕದ ಕರ್ಟ್ ವೆನ್ನರ್. ನಾಸಾ ಸಂಸ್ಥೆಗೆ ಬಾಹ್ಯಾಕಾಶದ ಚಿತ್ರಗಳನ್ನು ಬರೆದುಕೊಡುತ್ತಿದ್ದ ಆತ 1982ರಲ್ಲಿ ಆ ಕೆಲಸ ಬಿಟ್ಟು ಇಟಲಿಗೆ ಹೋದ. ಹಳೆಯ ಮಹಾಚಿತ್ರಗಳನ್ನು ಅಭ್ಯಾಸ ಮಾಡುತ್ತ, ಹೊಟ್ಟೆಪಾಡಿಗೆ ರೋಮಿನ ಬೀದಿಗಳಲ್ಲಿ ಸೀಮೆಸುಣ್ಣದ ಚಿತ್ರ ಬರೆದ. ಚಾವಣಿಯ ಭ್ರಮಾಚಿತ್ರಗಳನ್ನು ನೋಡುವವರು ಕೆಳಗೆ ನಿಂತು ಮೇಲೆ ನೋಡುತ್ತಾರೆ. ಬೀದಿಯಲ್ಲಿ ಚಿತ್ರ ಕಾಲಬುಡದಲ್ಲೇ ಇರುತ್ತದೆ. ಆ ಕೋನಕ್ಕೆ ತಕ್ಕಂತೆ ಲೆಕ್ಕವನ್ನು ಬದಲಿಸಿ, 1984ರ ಸುಮಾರಿಗೆ ವೆನ್ನರ್ ನೆಲದೊಳಗೆ ಇಳಿಯುವಂತೆ, ನೆಲದಿಂದ ಏಳುವಂತೆ ಕಾಣುವ ಚಿತ್ರಗಳನ್ನು ಬರೆಯತೊಡಗಿದ. ಇಂದಿನ ತ್ರೀಡಿ ಬೀದಿಚಿತ್ರದ ಆರಂಭ ಇದೇ. ಅಮೆರಿಕದ ಸಾಂಟಾ ಬಾರ್ಬರಾದಲ್ಲಿ 1987ರಲ್ಲಿ ಮಡೋನ್ನಾರಿ ಉತ್ಸವ ಶುರುವಾಗಿ, ಅಲ್ಲಿಂದ ಈ ಬಗೆಯ ಹಬ್ಬಗಳು ಹಲವು ದೇಶಗಳಿಗೆ ಹರಡಿದವು.

ಭ್ರಮೆಯ ಹಿಂದಿನ ಲೆಕ್ಕ

ಬೆಳಕು ನೇರ ರೇಖೆಯಲ್ಲಿ ಸಾಗುತ್ತದೆ ಎಂಬ ಒಂದೇ ಸತ್ಯದ ಮೇಲೆ ಇಡೀ ಕಲೆ ನಿಂತಿದೆ. ಒಂದು ಪೆಟ್ಟಿಗೆ ನೆಲದ ಮೇಲಿದೆ ಎಂದುಕೊಂಡು, ನೋಡುವವರ ಕಣ್ಣಿನಿಂದ ಪೆಟ್ಟಿಗೆಯ ಒಂದೊಂದು ಮೂಲೆಗೂ ನೂಲು ಹಿಡಿದು, ಅದೇ ನೇರಕ್ಕೆ ಮುಂದಕ್ಕೆ ಎಳೆದರೆ ನೂಲು ಹಿಂದಿನ ನೆಲವನ್ನು ಎಲ್ಲೋ ಒಂದು ಕಡೆ ಮುಟ್ಟುತ್ತದೆ. ಆ ಬಿಂದುಗಳನ್ನು ಕೂಡಿಸಿದರೆ ಬರುವ ಆಕೃತಿಯೇ ಅನಾಮಾರ್ಫಿಕ್ ಚಿತ್ರ. ಪೆಟ್ಟಿಗೆಯನ್ನು ತೆಗೆದರೂ ಕಣ್ಣಿಗೆ ಬರುವ ಬೆಳಕಿನ ದಿಕ್ಕು ಬದಲಾಗದು. ಆದ್ದರಿಂದ ಮೆದುಳು ಅಲ್ಲಿ ಪೆಟ್ಟಿಗೆ ಇದೆಯೆಂದೇ ಓದಿಕೊಳ್ಳುತ್ತದೆ.

ನೋಡುವವರ ಕಣ್ಣು ನೆಲದಿಂದ 5 ಅಡಿ ಎತ್ತರದಲ್ಲಿದೆ, 10 ಅಡಿ ದೂರದಲ್ಲಿ ಎರಡೂವರೆ ಅಡಿ ಎತ್ತರದ ಗೊಂಬೆ ನಿಂತಂತೆ ಕಾಣಬೇಕು ಎಂದಿಟ್ಟುಕೊಂಡರೆ, ಗೊಂಬೆಯ ತಲೆಯನ್ನು 20 ಅಡಿ ದೂರದಲ್ಲಿ ಬರೆಯಬೇಕಾಗುತ್ತದೆ. ಗೊಂಬೆ 4 ಅಡಿ ಎತ್ತರವಾದರೆ ತಲೆ 50 ಅಡಿ ದೂರಕ್ಕೆ, ನಾಲ್ಕೂವರೆ ಅಡಿಯಾದರೆ 100 ಅಡಿ ದೂರಕ್ಕೆ ಹೋಗುತ್ತದೆ. ಕಣ್ಣಿನಷ್ಟೇ ಎತ್ತರದ ಗೊಂಬೆಯನ್ನು ನೆಲದ ಮೇಲೆ ಬರೆಯಲು ಎಷ್ಟು ಉದ್ದದ ಬೀದಿಯೂ ಸಾಲದು. ದೂರ ಹೋದಷ್ಟೂ ಅಗಲವೂ ಅದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಹತ್ತಿರದ ಕಾಲು ಅಂಗೈಯಷ್ಟಿದ್ದರೆ ದೂರದ ತಲೆ ಚಾಪೆಯಷ್ಟಿರುತ್ತದೆ.

ಗುಂಡಿಯ ಲೆಕ್ಕ ಇದಕ್ಕೆ ತಿರುಗುಮುರುಗು. ಆಚೆಯ ಅಂಚು 20 ಅಡಿ ದೂರದಲ್ಲಿರುವ, 5 ಅಡಿ ಆಳದ ಗುಂಡಿಯನ್ನು ತೋರಿಸಲು ಎದುರು ಗೋಡೆಯ ತಳವನ್ನು 10 ಅಡಿ ದೂರದಲ್ಲಿ ಬರೆದರೆ ಸಾಕು. ಆಳ 15 ಅಡಿಯಾದರೆ ತಳ 5 ಅಡಿ ದೂರಕ್ಕೆ ಬರುತ್ತದೆ. ಎಷ್ಟೇ ಆಳ ತೋರಿಸಿದರೂ ಚಿತ್ರ ಗುಂಡಿಯ ಬಾಯಿಯ ಗಡಿಯನ್ನು ದಾಟುವುದಿಲ್ಲ. ಪ್ರಪಂಚದ ಬೀದಿಗಳಲ್ಲಿ ಎದ್ದುನಿಂತ ಗೋಪುರಗಳಿಗಿಂತ ಕಂದಕ, ಬಾವಿ, ಜಲಪಾತಗಳ ಚಿತ್ರಗಳೇ ಹೆಚ್ಚಾಗಿರುವುದಕ್ಕೆ ಈ ಲೆಕ್ಕವೂ ಒಂದು ಕಾರಣ.

ರೇಖೆ ಸರಿಯಾದರೆ ಸಾಲದು, ಬೆಳಕೂ ಸರಿಯಾಗಬೇಕು. ಸುತ್ತಲಿನ ನಿಜವಾದ ನೆರಳುಗಳು ಯಾವ ಕಡೆ ಬೀಳುತ್ತವೆಯೋ ಚಿತ್ರದ ನೆರಳೂ ಆ ಕಡೆಗೇ ಬೀಳಬೇಕು. ಇಲ್ಲವಾದರೆ ಕಣ್ಣು ಮೋಸವನ್ನು ಹಿಡಿದುಬಿಡುತ್ತದೆ. ಮನುಷ್ಯನಿಗೆ ಸುಮಾರು 6 ಸೆಂಟಿಮೀಟರ್ ಅಂತರದಲ್ಲಿ ಎರಡು ಕಣ್ಣುಗಳಿರುವುದೂ ಭ್ರಮೆಗೆ ಅಡ್ಡಿ. ಎರಡು ಕಣ್ಣುಗಳಿಗೆ ಕಾಣುವ ನೋಟಗಳಲ್ಲಿನ ಚಿಕ್ಕ ವ್ಯತ್ಯಾಸದಿಂದ ಮೆದುಳು ದೂರವನ್ನು ಅಂದಾಜು ಮಾಡುತ್ತದೆ, ನೆಲ ಚಪ್ಪಟೆಯೆಂದು ಕಂಡುಕೊಳ್ಳುತ್ತದೆ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು. ಹಾಗಾಗಿ ಈ ಚಿತ್ರಗಳು ಬರಿಗಣ್ಣಿಗಿಂತ ಫೋಟೊದಲ್ಲಿ ಹೆಚ್ಚು ನಂಬುವಂತೆ ಕಾಣುತ್ತವೆ. ಒಂದು ಕಣ್ಣು ಮುಚ್ಚಿ ನೋಡಿದರೂ ಇದೇ ಫಲ.

ಬರೆಯುವ ಬಗೆ

ಮೊದಲು ಜಾಗವನ್ನು ನೋಡಿ, ನೋಡುವ ಬಿಂದುವನ್ನು ಗೊತ್ತುಮಾಡಿ, ಅಲ್ಲಿ ಸ್ಟ್ಯಾಂಡಿನ ಮೇಲೆ ಕ್ಯಾಮೆರಾವನ್ನು ನಿಲ್ಲಿಸುತ್ತಾರೆ. ಕಾಗದದ ಮೇಲಿನ ನಕ್ಷೆಗೆ ಚೌಕುಳಿ ಹಾಕಿ, ಅದೇ ಚೌಕುಳಿಯನ್ನು ಲೆಕ್ಕಕ್ಕೆ ತಕ್ಕಂತೆ ಹಿಗ್ಗಿಸಿ ದಾರ ಮತ್ತು ಸೀಮೆಸುಣ್ಣದಿಂದ ನೆಲದ ಮೇಲೆ ಗೀಚುತ್ತಾರೆ. ನಕ್ಷೆಯ ಒಂದೊಂದು ಚೌಕದಲ್ಲಿ ಇರುವುದನ್ನು ನೆಲದ ಚೌಕಕ್ಕೆ ಇಳಿಸುತ್ತ ಹೋಗುವುದು ಮುಂದಿನ ಕೆಲಸ. ಬರೆಯುವವರು ಚಿತ್ರದ ಮೇಲೆಯೇ ಮಂಡಿಯೂರಿ ಕುಳಿತಿರುವುದರಿಂದ ಅವರಿಗೆ ಚಿತ್ರ ಕಾಣುವುದೇ ಇಲ್ಲ. ಹತ್ತು ಗೆರೆ ಎಳೆದು, ಎದ್ದು, ಕ್ಯಾಮೆರಾದ ಬಳಿಗೆ ನಡೆದು ನೋಡಿ, ಮತ್ತೆ ಬಂದು ತಿದ್ದಬೇಕು. ಈ ಓಡಾಟ ದಿನವಿಡೀ ನಡೆಯುತ್ತದೆ. ಸೀಮೆಸುಣ್ಣ, ಪೇಸ್ಟಲ್, ನೀರಿನಲ್ಲಿ ಕಲಸಿದ ಬಣ್ಣಪುಡಿ, ಹೆಚ್ಚು ದಿನ ಉಳಿಯಬೇಕಾದರೆ ಅಕ್ರಿಲಿಕ್ ಬಣ್ಣ ಇವರ ಸಾಮಗ್ರಿ. ಒರಟು ಡಾಂಬರು ಬಣ್ಣವನ್ನು ಹೀರುತ್ತದೆ, ಬೆರಳ ತುದಿಯನ್ನು ಸವೆಸುತ್ತದೆ.

ಹೆಸರಾದ ಕೈಗಳು

ಇಂಗ್ಲೆಂಡಿನ ಜೂಲಿಯನ್ ಬೀವರ್ 1990ರ ದಶಕದಿಂದ ಫುಟ್‌ಪಾತುಗಳ ಮೇಲೆ ಬರೆದ ಈಜುಕೊಳ, ಬಾವಿ ಮೊದಲಾದ ಚಿತ್ರಗಳ ಫೋಟೊಗಳು ಇಂಟರ್ನೆಟ್ಟಿನಲ್ಲಿ ಹರಡಿ ಈ ಕಲೆಯನ್ನು ಮನೆಮಾತಾಗಿಸಿದವು. ಅವೇ ಚಿತ್ರಗಳನ್ನು ತಪ್ಪು ಬದಿಯಿಂದ ತೆಗೆದ ಫೋಟೊಗಳನ್ನೂ ಆತ ತೋರಿಸಿದ. ಜರ್ಮನಿಯ ಎಡ್ಗರ್ ಮ್ಯೂಲರ್ ಇಡೀ ರಸ್ತೆಯನ್ನೇ ಕ್ಯಾನ್ವಾಸ್ ಮಾಡಿಕೊಂಡವನು. 2007ರಲ್ಲಿ ಕೆನಡಾದ ಮೂಸ್ ಜಾ ಪಟ್ಟಣದ ರಿವರ್ ಸ್ಟ್ರೀಟನ್ನು, ಅದರ ಹೆಸರಿಗೆ ತಕ್ಕಂತೆ, ಜಲಪಾತಕ್ಕೆ ಬೀಳುವ ನದಿಯಾಗಿಸಿದ. 280 ಚದರ ಮೀಟರಿನ ಚಿತ್ರ ಅದು. ಮರುವರ್ಷ ಐರ್ಲೆಂಡಿನ ಡನ್ ಲೇರಿಯಲ್ಲಿ ಕಡಲದಂಡೆಯ ನೆಲವೇ ಬಿರಿದು ಹಿಮಗಾಲದ ಕಂದಕ ತೆರೆದಂತೆ ಕಾಣುವ 250 ಚದರ ಮೀಟರಿನ ಚಿತ್ರವನ್ನು ಸಹಾಯಕರೊಡನೆ ಐದು ದಿನಗಳಲ್ಲಿ ಮುಗಿಸಿದ. ನೆದರ್ಲೆಂಡ್ಸಿನ ಲಿಯಾನ್ ಕೀರ್ ಮತ್ತು ಗೆಳೆಯರು 2011ರಲ್ಲಿ ಅಮೆರಿಕದ ಸಾರಾಸೋಟಾದಲ್ಲಿ ಚೀನಾದ ಮಣ್ಣಿನ ಸೈನಿಕರನ್ನು ಲೆಗೊ ಗೊಂಬೆಗಳಾಗಿ ನೆಲದಾಳದಿಂದ ಎಬ್ಬಿಸಿದರು. ಇವರೆಲ್ಲರಿಗಿಂತ ಚಿಕ್ಕ ಜಾಗದಲ್ಲಿ ಆಡುವವನು ಅಮೆರಿಕದ ಆ್ಯನ್ ಆರ್ಬರ್ ಊರಿನ ಡೇವಿಡ್ ಜಿನ್. ಫುಟ್‌ಪಾತಿನ ಬಿರುಕು, ಕಲ್ಲುಸಂದಿಯ ಹುಲ್ಲು, ಮೋರಿಯ ಮುಚ್ಚಳ ಸಿಕ್ಕರೆ ಸಾಕು, ಅದನ್ನೇ ಸೇರಿಸಿಕೊಂಡು ಸ್ಲಗೊ ಎಂಬ ಹಸಿರು ಪ್ರಾಣಿಯನ್ನೋ ಹಾರುವ ಹಂದಿಯನ್ನೋ ಸೀಮೆಸುಣ್ಣದಲ್ಲಿ ಕೂರಿಸುತ್ತಾನೆ.

ಗೋಡೆಗಳ ಮೇಲೂ ಈ ಆಟ ನಡೆಯುತ್ತದೆ. ಫ್ರಾನ್ಸಿನ ಲಿಯಾನ್ ನಗರದಲ್ಲಿ ರೇಷ್ಮೆ ನೇಕಾರರಿದ್ದ ಬಡಾವಣೆಯ ಕಿಟಕಿಗಳಿಲ್ಲದ ಬೋಳುಗೋಡೆಯೊಂದರ ಮೇಲೆ 1987ರಲ್ಲಿ ಮೆಟ್ಟಿಲು, ಮನೆ, ಅಂಗಡಿಗಳು ಮೂಡಿದವು. 1,200 ಚದರ ಮೀಟರಿನ ಈ ಚಿತ್ರವನ್ನು 1997 ಮತ್ತು 2013ರಲ್ಲಿ ಹೊಸದು ಮಾಡಿದಾಗ ಅದರಲ್ಲಿದ್ದ ಜನರಿಗೂ ವಯಸ್ಸಾಗಿರುವಂತೆ ಬರೆದರು. ಪೋರ್ಚುಗಲ್ಲಿನ ಒಡೀತ್ ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ ಬರೆದ ಕೀಟಗಳು ಗಾಳಿಯಲ್ಲಿ ತೇಲಿದಂತೆ ಕಾಣುತ್ತವೆ. ಸ್ವಿಟ್ಜರ್ಲೆಂಡಿನ ಫೆಲಿಚೆ ವಾರಿನಿ 2018ರಲ್ಲಿ ಫ್ರಾನ್ಸಿನ ಕಾರ್ಕಸೋನ್ ಕೋಟೆಯ ಗೋಡೆ, ಬುರುಜುಗಳ ಮೇಲೆ ಹಳದಿ ಪಟ್ಟಿಗಳನ್ನು ಅಂಟಿಸಿದ. ಒಂದು ಬಿಂದುವಿನಿಂದ ನೋಡಿದಾಗ ಅವೆಲ್ಲ ಸೇರಿ ಒಂದರೊಳಗೊಂದು ವೃತ್ತಗಳಾಗುತ್ತಿದ್ದವು.

ರಸ್ತೆಯಲ್ಲಿ ಉಪಯೋಗ, ಬೆಂಗಳೂರಿನ ನಂಟು

ಈ ತಂತ್ರವನ್ನು ವಾಹನಗಳ ವೇಗ ತಗ್ಗಿಸಲೂ ಬಳಸಿದ್ದಾರೆ. ಅಹಮದಾಬಾದಿನ ತಾಯಿ–ಮಗಳ ಜೋಡಿ ಶಕುಂತಲಾ ಪಾಂಡ್ಯ ಮತ್ತು ಸೌಮ್ಯಾ ಪಾಂಡ್ಯ ಠಕ್ಕರ್ ಬರೆದ, ನೆಲದಿಂದ ಮೇಲೆದ್ದ ಕಂಬಗಳಂತೆ ಕಾಣುವ ಜೀಬ್ರಾ ಪಟ್ಟೆಗಳು 2016ರಲ್ಲಿ ದೇಶದ ಗಮನ ಸೆಳೆದವು. ಐಸ್‌ಲೆಂಡಿನ ಈಸಾಫ್ಯೋರ್ದೂರ್ ಎಂಬ ಪುಟ್ಟ ಊರು 2017ರಲ್ಲಿ ಇಂಥದ್ದೇ ಪಟ್ಟೆ ಬರೆಸಿಕೊಳ್ಳಲು ದೆಹಲಿಯಲ್ಲಿ ನಡೆದ ಅಂಥ ಪ್ರಯೋಗವೊಂದು ಪ್ರೇರಣೆಯಾಯಿತು. ಇದಕ್ಕೆ ಮಿತಿಯೂ ಇದೆ. ದಿನವೂ ಅದೇ ರಸ್ತೆಯಲ್ಲಿ ಹೋಗುವ ಚಾಲಕರಿಗೆ ಗುಟ್ಟು ಬೇಗ ತಿಳಿಯುತ್ತದೆ. ಹೊಸಬರು ಬೆದರಿ ಒಮ್ಮೆಲೇ ಬ್ರೇಕ್ ಹಾಕುವ ಅಪಾಯವೂ ಉಂಟು.

ಬೆಂಗಳೂರಿನಲ್ಲಿ ಬೀದಿಯ ಭ್ರಮೆ ನಾಗರಿಕರ ದನಿಯಾಯಿತು. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯ ಸುತ್ತ ಬಣ್ಣದಲ್ಲಿ ಕೊಳವನ್ನು ಮೂಡಿಸಿ ಅದರಲ್ಲಿ ಫೈಬರ್ ಮೊಸಳೆಯನ್ನು ಬಿಟ್ಟರು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ–2ರ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿಯಬೇಕಿದ್ದ ದಿನಕ್ಕೆ ಸ್ವಲ್ಪವೇ ಮೊದಲು, ಹೇರೋಹಳ್ಳಿಯ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿಯ ವೇಷದ ನಟನನ್ನು ರಾತ್ರಿ ಹೊತ್ತು ನಿಧಾನವಾಗಿ ನಡೆಸಿ ವಿಡಿಯೊ ಮಾಡಿದರು. ನೋಡಿದವರಿಗೆ ಅದು ಚಂದ್ರನ ನೆಲ. ಪಕ್ಕದಲ್ಲಿ ಆಟೊ ಹಾದುಹೋದಾಗಲೇ ಊರಿನ ರಸ್ತೆಯೆಂದು ತಿಳಿಯುವುದು. ಬಣ್ಣದ ಬದಲು ನಿಜವಾದ ಗುಂಡಿಗಳಿದ್ದರೂ ತತ್ವ ಅದೇ: ಒಂದು ಬಿಂದು, ಒಂದು ಕ್ಯಾಮೆರಾ, ಸರಿಯಾದ ಬೆಳಕು.

ಅಳಿಯಲೆಂದೇ ಬರೆದದ್ದು

ಈ ಚಿತ್ರಗಳ ಬಹುಪಾಲು ಮಳೆಗೆ, ಕಾಲ್ತುಳಿತಕ್ಕೆ ಅಳಿಸಿಹೋಗುತ್ತವೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನ ಪಿರಮಿಡ್ಡಿಗೆ 30 ವರ್ಷ ತುಂಬಿದ 2019ರಲ್ಲಿ ಫ್ರೆಂಚ್ ಕಲಾವಿದ ಜೆಆರ್ 400 ಸ್ವಯಂಸೇವಕರ ನೆರವಿನಿಂದ ಸುಮಾರು 2,000 ಕಾಗದದ ಪಟ್ಟಿಗಳನ್ನು ಅಂಗಳಕ್ಕೆ ಅಂಟಿಸಿ, ಪಿರಮಿಡ್ಡು ಆಳವಾದ ಕಲ್ಲುಗಣಿಯಿಂದ ಮೇಲೆದ್ದಂತೆ ತೋರಿಸಿದ. ಮುಗಿದ ಒಂದು ದಿನದೊಳಗೆ ಜನರ ಹೆಜ್ಜೆಗಳಿಗೆ ಕಾಗದ ಹರಿದುಹೋಯಿತು. ಕಾಗದದ ಬದುಕು ಕ್ಷಣಿಕವೆಂಬುದು ಅವನಿಗೆ ತಿಳಿದೇ ಇತ್ತು.

ಇಂಥ ಚಿತ್ರ ಎದುರಾದಾಗ ಮೊದಲು ಗುರುತು ಮಾಡಿದ ಬಿಂದುವಿನಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ನೋಡಬೇಕು. ಆಮೇಲೆ ಚಿತ್ರದ ಆಚೆಯ ತುದಿಗೆ ನಡೆದುಹೋಗಿ ತಿರುಗಿ ನೋಡಬೇಕು. ಅಲ್ಲಿ ಕಂದಕವಿಲ್ಲ, ಜಲಪಾತವಿಲ್ಲ. ಅಡ್ಡಾದಿಡ್ಡಿ ಹಿಗ್ಗಿದ ಬಣ್ಣದ ಪಟ್ಟೆಗಳಿವೆ. ಚಿತ್ರಕಾರರು ದಿನಗಟ್ಟಲೆ ಮಂಡಿಯೂರಿ ಕುಳಿತದ್ದು ಆ ಪಟ್ಟೆಗಳ ನಡುವೆಯೇ. ಎರಡೂ ತುದಿಯಿಂದ ನೋಡಿದವರಿಗೆ ಮಾತ್ರ ಈ ಕಲೆ ಪೂರ್ತಿ ಕಾಣುತ್ತದೆ.