ಒಂದೇ ಆಟ, ಎರಡು ಪೆಟ್ಟಿಗೆ

“ಯಾವ ಮೆಷೀನಿನ ಗ್ರಾಫಿಕ್ಸು ಚೆನ್ನಾಗಿದೆ?” ಮಕ್ಕಳಿರುವ ಮನೆಯಲ್ಲಿ ಈ ಪ್ರಶ್ನೆ ಇಂದಲ್ಲ ನಾಳೆ ಬಂದೇ ಬರುತ್ತದೆ. ಪ್ಲೇಸ್ಟೇಷನ್ನೇ ಬೇಕೆಂದು ಒಬ್ಬ, ಎಕ್ಸ್‌ಬಾಕ್ಸೇ ಆಗಬೇಕೆಂದು ಇನ್ನೊಬ್ಬ. ದುಡ್ಡು ಕೊಡಬೇಕಾದ ಅಮ್ಮನಿಗೆ ಮಾತ್ರ ಎರಡೂ ಒಂದೇ ಥರದ ಪೆಟ್ಟಿಗೆ!

ನನಗೂ ಹಾಗೇ ಕಾಣುತ್ತಿತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಅವಳ ಮಗ ನನ್ನ ಕಣ್ಣು ತೆರೆಸಿದ. ಈಗ ಅವನಿಗೇ ಆಟದ ಮೆಷೀನು ಕೇಳುವ ಮಗಳಿದ್ದಾಳೆ. “ಚಿಕ್ಕಮ್ಮಾ, ನೀನೇ ಆಡಿ ನೋಡು” ಎಂದು ಅಟ್ಟದಿಂದ ಎರಡು ಹಳೆಯ ಯಂತ್ರಗಳನ್ನು ಇಳಿಸಿ ಧೂಳು ಒರೆಸಿದ. ಒಂದು ಅವನದೇ, ಸೆಗಾ ಕಂಪನಿಯ ಜೆನೆಸಿಸ್. ಅಮೆರಿಕಕ್ಕೆ ಬಂದದ್ದು 1989ರಲ್ಲಿ. ಇನ್ನೊಂದು 1991ರಲ್ಲಿ ಬಂದ ಸೂಪರ್ ನಿಂಟೆಂಡೊ. ಪಕ್ಕದ ಮನೆಯ ಗೆಳೆಯ ಊರು ಬಿಡುವಾಗ ಇವನಿಗೆ ಕೊಟ್ಟು ಹೋದದ್ದು. ಎರಡೂ ಜಪಾನಿನ ಕಂಪನಿಗಳೇ, ಆದರೆ ಹಾವು ಮುಂಗುಸಿಯ ಸಂಬಂಧ.

ಮೊದಲು ಬಣ್ಣದ ವಿಚಾರ. ರಂಗೋಲಿ ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಜೆನೆಸಿಸ್ ಬಳಿ ಇದ್ದದ್ದು ಒಟ್ಟು 512 ಬಣ್ಣ. ಅದರಲ್ಲಿ ಒಂದು ಸಲಕ್ಕೆ ಅಂಗಳಕ್ಕೆ ತರಬಹುದಾದದ್ದು ಸುಮಾರು 64. ಸೂಪರ್ ನಿಂಟೆಂಡೊ ಬಳಿ 32,768 ಬಣ್ಣ, ಒಂದು ಸಲಕ್ಕೆ 256! ಸಂಜೆಯ ಆಕಾಶ, ಮುಖದ ಮೇಲಿನ ನೆರಳು ಇವೆಲ್ಲ ಅದರಲ್ಲಿ ಎಷ್ಟು ಹದವಾಗಿ ಕಾಣುತ್ತವೆ ಅಂತೀರಿ. ಆದರೆ ಬರೀ ಬಣ್ಣದಿಂದ ರಂಗೋಲಿ ಆಗುತ್ತದೆಯೇ? ಚುಕ್ಕಿಯೂ ಬೇಕಲ್ಲ. ಜೆನೆಸಿಸ್ ಒಂದು ಸಾಲಿಗೆ 320 ಚುಕ್ಕಿ ಇಟ್ಟರೆ, ನಿಂಟೆಂಡೊ ಸಾಮಾನ್ಯವಾಗಿ ಇಡುತ್ತಿದ್ದದ್ದು 256. ಅಂದರೆ ಬಣ್ಣ ಕಡಿಮೆ, ಎಳೆ ಸಣ್ಣ. ಜೆನೆಸಿಸ್‌ನ ಮಿದುಳು ಚುರುಕೂ ಹೌದು: 7.6 ಮೆಗಾಹರ್ಟ್ಸ್. ನಿಂಟೆಂಡೊದ್ದು ಹೆಚ್ಚೆಂದರೆ 3.58. ಎರಡರ ಜಾತಿ ಬೇರೆಯಾದ್ದರಿಂದ ಇದು ಅದರ ಎರಡು ಪಟ್ಟು ಎಂದು ಲೆಕ್ಕ ಹಾಕುವಂತಿಲ್ಲ, ಆ ಮಾತು ಬೇರೆ.

ಲೆಕ್ಕ ಸಾಕು, ಆಟಕ್ಕೆ ಬರೋಣ. 1993ರಲ್ಲಿ ಡಿಸ್ನಿಯ ‘ಅಲಾದ್ದೀನ್’ ಸಿನಿಮಾದ ಆಟ ಎರಡೂ ಯಂತ್ರಗಳಿಗೆ ಬಂತು. ಹೆಸರು ಒಂದೇ, ಮಾಡಿದವರು ಬೇರೆ ಬೇರೆ. ಜೆನೆಸಿಸ್‌ಗೆ ಮಾಡಿದ್ದು ವರ್ಜಿನ್ ಕಂಪನಿ. ಡಿಸ್ನಿಯ ಚಿತ್ರಕಾರರೇ ಕಾಗದದ ಮೇಲೆ ಬರೆದ ಚಿತ್ರಗಳನ್ನು ಯಂತ್ರಕ್ಕೆ ಇಳಿಸಿದ್ದರು. ಹುಡುಗ ನಡೆದರೂ ನಕ್ಕರೂ ಸಿನಿಮಾದಲ್ಲಿದ್ದಂತೆಯೇ! ಅವನ ಕೈಯಲ್ಲಿ ಕತ್ತಿಯೂ ಇದೆ. ನಿಂಟೆಂಡೊಗೆ ಮಾಡಿದ್ದು ಕ್ಯಾಪ್‌ಕಾಮ್. ಇದರಲ್ಲಿ ಕತ್ತಿಯಿಲ್ಲ. ಶತ್ರುವಿನ ತಲೆಯ ಮೇಲೆ ಜಿಗಿಯಬೇಕು, ಸೇಬು ಎಸೆಯಬೇಕು. ಇದನ್ನು ರೂಪಿಸಿದವರಲ್ಲಿ ಒಬ್ಬರಾದ ಶಿಂಜಿ ಮಿಕಾಮಿ, ತಾನು ಗಿರಾಕಿಯಾಗಿದ್ದರೆ ಜೆನೆಸಿಸ್‌ನದನ್ನೇ ಕೊಳ್ಳುತ್ತಿದ್ದೆ ಎಂಬರ್ಥದ ಮಾತನ್ನು ಆಮೇಲೆ ಹೇಳಿದ್ದುಂಟು. ಕಣ್ಣಿಗೆ ನನಗೂ ಅದೇ ಇಷ್ಟವಾಯಿತು. ಆಡಲು ಕೂತಾಗ ಮಾತ್ರ ಸೇಬಿನದೇ ಹಿತವೆನಿಸಿತು. ಕಂಬ ಹಿಡಿದು ತೂಗಿ ಹಾರುವುದು ನನ್ನಂಥವಳ ಬೆರಳಿಗೂ ಒಂದು ಗಂಟೆಯಲ್ಲಿ ಬಂತು!

ಆಮೇಲೆ ಅವನು ಹಾಕಿದ್ದು ‘ಮಾರ್ಟಲ್ ಕಾಂಬ್ಯಾಟ್’. ನಿಜವಾದ ನಟರನ್ನೇ ಕ್ಯಾಮೆರಾದಲ್ಲಿ ಹಿಡಿದು ಮಾಡಿದ ಹೊಡೆದಾಟದ ಆಟ. 1992ರಲ್ಲಿ ಕಾಸು ಹಾಕಿ ಆಡುವ ಅಂಗಡಿಗಳಿಗೆ ಬಂದು, 1993ರ ಸೆಪ್ಟೆಂಬರ್ 13ರಂದು ಮನೆಯ ಯಂತ್ರಗಳಿಗೆ ಬಂತು. ನಿಂಟೆಂಡೊದಲ್ಲಿ ಚಿತ್ರ ಶ್ರೀಮಂತ, ಸದ್ದು ಗಟ್ಟಿ. ಆದರೆ ಗುಂಡಿ ಒತ್ತಿದ ಮೇಲೆ ಕೈ ಎತ್ತಲು ಒಂದು ಗಳಿಗೆ ತಡ. ಜೆನೆಸಿಸ್‌ನಲ್ಲಿ ಚಿತ್ರ ಕೊಂಚ ಮಂಕು. ಒತ್ತಿದ ಕ್ಷಣವೇ ಏಟು.

ಇಷ್ಟೇ ಆಗಿದ್ದರೆ ಹುಡುಗರ ಜಗಳವಾಗಿ ಮುಗಿಯುತ್ತಿತ್ತು. ನಿಂಟೆಂಡೊ ತನ್ನ ಯಂತ್ರದಲ್ಲಿ ರಕ್ತ ಬೇಡವೆಂದಿತು. ಏಟು ಬಿದ್ದಾಗ ಹಾರುವುದು ಬೂದು ಬಣ್ಣದ ಬೆವರು. ಜೆನೆಸಿಸ್‌ನದರಲ್ಲೂ ಹಾಕಿದ ಕೂಡಲೇ ರಕ್ತ ಕಾಣುವುದಿಲ್ಲ. ಆದರೆ ಎ, ಬಿ, ಎ, ಸಿ, ಎ, ಬಿ, ಬಿ ಎಂದು ಗುಂಡಿಗಳನ್ನು ಒತ್ತಿದರೆ ರಕ್ತ ಚಿಮ್ಮುತ್ತದೆ! ಈ ಗುಟ್ಟು ಬಾಯಿಂದ ಬಾಯಿಗೆ ಮಕ್ಕಳಿಗೆಲ್ಲ ತಲುಪಿತ್ತು, ಅಮ್ಮಂದಿರಿಗೆ ತಲುಪಿರಲಿಲ್ಲ. ಆಗ ಹತ್ತು ವರ್ಷದವನಾಗಿದ್ದ ಇವನು ರೂಮಿನ ಬಾಗಿಲು ಹಾಕಿಕೊಂಡು ಒತ್ತುತ್ತಿದ್ದನಂತೆ. ಅಕ್ಕ ಬಂದರೆ ಟಿ.ವಿ. ಆಫ್.

“ಇಷ್ಟು ವರ್ಷ ಆದಮೇಲೆ ಹೇಳ್ತಿದ್ದೀಯಲ್ಲೋ!” ಅಂದಳು ಅಕ್ಕ. ಹುಟ್ಟುಹಬ್ಬಕ್ಕೆ ಅದನ್ನು ಕೊಡಿಸಿದವಳೂ ಅವಳೇ. ಅಂಗಡಿಯಲ್ಲಿ ಕೇಳಿದ್ದಕ್ಕೆ ಎರಡೂ ಒಂದೇ ಆಟ ಅಂದಿದ್ದರಂತೆ. ಡಬ್ಬದ ಮೇಲೆ ‘ಎಂ.ಎ.-13’ ಎಂಬ ಗುರುತಂತೂ ಇತ್ತು. ಹದಿಮೂರು ತುಂಬಿದವರಿಗೆ ಎಂದು ಅದರ ಅರ್ಥ. “ನಾನು ಅದನ್ನ ಮಾಡೆಲ್ ನಂಬರು ಅಂದ್ಕೊಂಡಿದ್ದೆ ಕಣೇ” ಎಂದು ನನ್ನ ಕಡೆ ತಿರುಗಿದಳು. ನಗು ಬಂದರೂ, ಅವಳ ಮುಖ ನೋಡಿ ನಾನು ನಗಲಿಲ್ಲ.

ಅಕ್ಕನಂತೆ ಮೋಸಹೋದ ತಾಯಂದಿರು ಅನೇಕರಿದ್ದಿರಬೇಕು. 1993ರ ಡಿಸೆಂಬರ್ 9ರಂದು ಈ ವಿಷಯ ಅಮೆರಿಕದ ಸೆನೆಟ್ಟಿನಲ್ಲೇ ವಿಚಾರಣೆಗೆ ಬಂತು. ಸೆನೆಟರುಗಳಾದ ಜೋಸೆಫ್ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಅದನ್ನು ನಡೆಸಿದರು. ಸೆಗಾ ಮತ್ತು ನಿಂಟೆಂಡೊದವರು ಅಲ್ಲೂ ಒಬ್ಬರ ಮೇಲೊಬ್ಬರು ಹರಿಹಾಯ್ದರು. ಕಡೆಗೆ 1994ರಲ್ಲಿ ಉದ್ಯಮದವರೇ ಸೇರಿ ಇ.ಎಸ್.ಆರ್.ಬಿ. ಎಂಬ ಮಂಡಳಿ ಕಟ್ಟಿದರು. ಎಲ್ಲರಿಗೂ ಆಗುವುದಕ್ಕೆ ‘ಇ’, ಹದಿಹರೆಯದವರಿಗೆ ‘ಟಿ’, ಹದಿನೇಳು ತುಂಬಿದವರಿಗೆ ‘ಎಂ’ ಎಂದು ಈಗಲೂ ಡಬ್ಬದ ಮೂಲೆಯಲ್ಲಿ ಹಾಕುವವರು ಅವರೇ. ನಮ್ಮಲ್ಲಿ ಸಿಗುವ ಬಹಳಷ್ಟು ಡಿಸ್ಕುಗಳ ಮೇಲೆ ಯುರೋಪಿನ ‘ಪೆಗಿ’ ಗುರುತಿರುತ್ತದೆ: 3, 7, 12, 16, 18. ಇದು ವಯಸ್ಸು. ಆಟ ಎಷ್ಟು ಕಷ್ಟ ಎಂಬುದರ ಅಳತೆಯಲ್ಲ.

ಇನ್ನೊಂದು ವಿಚಿತ್ರ ಕೇಳಿ. ಅಂದು ಹೆಚ್ಚು ಮಾರಾಟವಾದದ್ದು ಬೆವರಿನದಲ್ಲ, ರಕ್ತದ್ದು. 1994ರಲ್ಲಿ ಅದೇ ಆಟದ ಎರಡನೇ ಭಾಗ ಬಂದಾಗ ನಿಂಟೆಂಡೊ ಕೂಡ ರಕ್ತವನ್ನು ಹಾಗೇ ಬಿಟ್ಟಿತು! ಆದರೆ ಗೆದ್ದದ್ದು ರಕ್ತವೊಂದೇ ಎಂದು ನಾನು ಒಪ್ಪಲಾರೆ. ಗುಟ್ಟಿನ ಗುಂಡಿ ಒತ್ತದೆಯೇ ಆಡಿ ನೋಡಿದೆ. ಕೈಗೆ ಒಗ್ಗಿದ್ದು ಜೆನೆಸಿಸ್‌ನದೇ. ಅಂಗಡಿಯ ಟಿ.ವಿ.ಯಲ್ಲಿ ಓಡುವ ಚಿತ್ರ ನೋಡಿದರೆ ಇದು ತಿಳಿಯುವುದಿಲ್ಲ. ಅರ್ಧ ಗಂಟೆ ಕೈಯಲ್ಲಿ ಹಿಡಿದು ಆಡಬೇಕು. ಮಗು ಆಡುವಾಗ ಪಕ್ಕದಲ್ಲಿ ಅಷ್ಟೇ ಹೊತ್ತು ಕೂತರೆ ಮಿಕ್ಕದ್ದೂ ತಿಳಿಯುತ್ತದೆ.

2020ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡಕ್ಕೂ ಮಿದುಳು ಒದಗಿಸಿದ್ದು ಎ.ಎಂ.ಡಿ. ಎಂಬ ಒಂದೇ ಕಂಪನಿ. ಒಂದೇ ಆಟವನ್ನು ಎರಡರಲ್ಲೂ ಹಾಕಿದರೆ ವ್ಯತ್ಯಾಸ ಹುಡುಕಲು ಭೂತಗನ್ನಡಿ ಬೇಕು.

ಅಕ್ಕನ ಮೊಮ್ಮಗಳಿಗೆ ಕೊನೆಗೂ ಹೊಸ ಮೆಷೀನು ಬಂತು. ನಾನು ಹೊರಡುವ ದಿನ ಅಕ್ಕ ಕನ್ನಡಕ ಏರಿಸಿಕೊಂಡು ಡಿಸ್ಕಿನ ಡಬ್ಬವನ್ನು ದೀಪದ ಹತ್ತಿರ ಹಿಡಿದಿದ್ದಳು. “ಇಲ್ಲಿ ‘ಟಿ’ ಅಂತಿದೆ. ಇವಳಿಗಿನ್ನೂ ಒಂಬತ್ತು. ಏನೋ, ಆಗುತ್ತೇನೋ ಇದು?” ಎಂದು ಮಗನನ್ನು ಕೇಳುತ್ತಿದ್ದಳು.